ಎರಡನೇ ರವಿವಾರದ ಅಕ್ಷತೆ

ಬಂಡೆಪ್ಪನ ಕಣ್ಣಿನ ಬಗ್ಗೆ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಎರಡು ಮಾತಿರಲಿಲ್ಲ. ಫೌಂಡ್ರಿಯಲ್ಲಿ ಕಬ್ಬಿಣ ಹೊಯ್ಯಬೇಕಾದರೆ ಮೊದಲು ಮರಳಿನಲ್ಲಿ ಅಚ್ಚು ಮೂಡಿಸಬೇಕು, ಅಚ್ಚು ಮೂಡಿಸಲು ಕಟ್ಟಿಗೆಯ ಒಂದು ಮಾದರಿ ಬೇಕು. ಅದಕ್ಕೆ ಅಲ್ಲಿ ಪ್ಯಾಟರ್ನ್ ಎನ್ನುತ್ತಾರೆ. ಸಾಗವಾನಿಯ ತುಂಡು ಕೆತ್ತಿ ಪ್ಯಾಟರ್ನ್ ಮಾಡುವುದು ಬಂಡೆಪ್ಪನ ಕೆಲಸ. ಬೇರೆಯವರು ಮಾಡಿದ್ದನ್ನು ನಾಲ್ಕು ಮಾರು ದೂರದಿಂದ ನೋಡಿ, ‘ಅರ್ಧ ಮಿಲಿಮೀಟರ್ ಜಾಸ್ತಿ ಐತಿ’ ಎನ್ನುತ್ತಿದ್ದ. ಅಳೆದರೆ ಅಷ್ಟೇ ಇರುತ್ತಿತ್ತು. ಅಕ್ಕಪಕ್ಕದ ಕಾರ್ಖಾನೆಯವರು ಕೂಡ ತಕರಾರು ಬಂದಾಗ ‘ಬಂಡೆಪ್ಪಗ ತೋರಸ್ರಿ’ ಎಂದು ಮಾಲು ಹೊತ್ತು ಅವನ ಮೇಜಿಗೆ ಬರುತ್ತಿದ್ದರು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಗುಡ್ಡದ ಆಚೆ ಮೇಯುವ ಹಿಂಡಿನಲ್ಲಿ ಕುಂಟುವ ಮರಿ ಯಾವುದೆಂದು ಈಚೆಯಿಂದಲೇ ಹೇಳುತ್ತಿದ್ದ ಎಂದು ಅವನ ಅವ್ವ ನಿಂಗವ್ವ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಇಂಥ ಕಣ್ಣು ಒಂದೇ ಒಂದು ಸಲ ತಪ್ಪಿತು, ಅದೂ ತಪ್ಪಬಾರದ ಕಡೆ ತಪ್ಪಿತು.

ಮೂವತ್ತೈದು ದಾಟಿದರೂ ಲಗ್ನವಾಗಿಲ್ಲ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಅಡಿಗೆ ಮಾಡಿಕೊಂಡು ತಿನ್ನುತ್ತಾನೆ, ತಿಂಗಳ ಎರಡನೇ ರವಿವಾರ ಅಂಚೆಚೀಟಿ ಕೂಡಿಸುವವರ ಯಾವುದೋ ಮಂಡಳಕ್ಕೆ ಹೋಗುತ್ತಾನೆ. ಫೌಂಡ್ರಿಯವರಿಗೆ ಅವನ ಬಗ್ಗೆ ಗೊತ್ತಿದ್ದದ್ದು ಇಷ್ಟೇ. ಮಂಡಳ ಇದ್ದದ್ದೇನೋ ನಿಜ. ರವಿವಾರ ಪೇಟೆಯಲ್ಲಿ ಮೆಣಸಿನಕಾಯಿಯ ಸಗಟು ಅಂಗಡಿಯೊಂದರ ಅಟ್ಟದ ಬಾಗಿಲಿಗೆ ‘ಅಂಚೆಚೀಟಿ ಸಂಗ್ರಾಹಕರ ಮಂಡಳ’ ಎಂಬ ಬೋರ್ಡು ತೂಗುತ್ತಿದ್ದದ್ದೂ ನಿಜ. ಆದರೆ ಅಲ್ಲಿ ಕೂಡುತ್ತಿದ್ದ ಹತ್ತು ಹನ್ನೊಂದು ಮಂದಿಗೆ ಅಂಚೆಚೀಟಿಯ ಗೊಡವೆಯೇ ಇರಲಿಲ್ಲ. ಅವರು ಗಂಡಸರನ್ನೇ ಪ್ರೀತಿಸುವ ಗಂಡಸರು. ಬೆಳಗಾವಿಯಂಥ ಊರಿನಲ್ಲಿ, ಸಾವಿರದ ಒಂಬೈನೂರ ತೊಂಬತ್ತೇಳರ ಸುಮಾರಿಗೆ, ಆ ಸಂಗತಿಯನ್ನು ಮುಚ್ಚಿಡದೆ ಕಾಲು ಚಾಚಿ ಕೂತುಕೊಳ್ಳಲು ಅವರಿಗಿದ್ದ ಜಾಗ ಅದೊಂದೇ.

ಅಟ್ಟ ಬಿಂದುಮಾಧವನದು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಪತ್ರ ವಿಂಗಡಿಸಿ ನಿವೃತ್ತನಾದ ಗೃಹಸ್ಥ. ಎಲ್ಲರೂ ಅವನಿಗೆ ಕಾಕಾ ಎನ್ನುತ್ತಿದ್ದರು. ಅಂಚೆಚೀಟಿಯ ಉಪಾಯವೂ ಅವನದೇ: ಊರೂರಿನಿಂದ ಅಪರಿಚಿತರ ಪತ್ರ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ, ಬೇರೆ ಬೇರೆ ಜಾತಿಯ, ಬೇರೆ ಬೇರೆ ವಯಸ್ಸಿನ ಗಂಡಸರು ಬಾಗಿಲು ಹಾಕಿಕೊಂಡು ಕೂತರೂ ಯಾರೂ ಕೇಳುವುದಿಲ್ಲ. ಪತ್ರಗಳು ಬರುತ್ತಲೂ ಇದ್ದವು. ಗೋಕಾಕದಿಂದ, ನಿಪ್ಪಾಣಿಯಿಂದ, ಧಾರವಾಡದಿಂದ. ‘ನನ್ನಂಥವರು ಬ್ಯಾರೆ ಯಾರರ ಅದಾರೇನ್ರಿ?’ ಎಂಬುದೇ ಎಲ್ಲದರ ಸಾರ. ಬಂಡೆಪ್ಪ ಉತ್ತರ ಹೇಳಿ ಬರೆಸುತ್ತಿದ್ದ, ಕಾಕಾ ಕನ್ನಡದಲ್ಲೋ ಮರಾಠಿಯಲ್ಲೋ ದುಂಡಗೆ ಬರೆಯುತ್ತಿದ್ದ. ಒಬ್ಬ ಕಸ ಗುಡಿಸುತ್ತಿದ್ದ, ಒಬ್ಬ ಕೆಟಲಿಯಲ್ಲಿ ಚಹಾ ತರುತ್ತಿದ್ದ, ಒಬ್ಬ ಹೊಸದಾಗಿ ಬಂದವನ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದ. ಹೊಸಬರು ಬಾಯಿ ಬಿಡಲು ಕೆಲವು ಸಲ ಎರಡು ಮೂರು ತಿಂಗಳೇ ಹಿಡಿಯುತ್ತಿತ್ತು. ಕೆಳಗಿನ ಮೆಣಸಿನಕಾಯಿಯ ಘಾಟು ಹತ್ತಿ ಎಲ್ಲರ ಕಣ್ಣಲ್ಲೂ ನೀರು ಬರುತ್ತಿದ್ದದ್ದರಿಂದ ಅಲ್ಲಿ ಯಾರು ಅತ್ತರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಈ ಕೂಟವನ್ನು ನಡೆಸುತ್ತಿದ್ದವನು ಬಂಡೆಪ್ಪ, ನಡೆಸುತ್ತಿದ್ದದ್ದು ಆಳುಗಳನ್ನು ಗದರಿಸಿ ದುಡಿಸುವ ಫೌಂಡ್ರಿಯ ಮುಕಾದಮನ ಹಾಗೆ. ಅದಕ್ಕೆ ಕಾರಣವಿತ್ತು. ಮೊದಲ ವರ್ಷ ಈರಣ್ಣ ಎಂಬ ಸಾಲಿ ಮಾಸ್ತರ ಬರುತ್ತಿದ್ದ, ಒಳ್ಳೆಯ ಮನುಷ್ಯ. ಕೂಟದವನೇ ಒಬ್ಬ ಪ್ರೀತಿಯಿಂದ, ಹೇಳದೆ ಕೇಳದೆ, ಅವನ ಮನೆಗೆ ಹೋದ. ಮನೆಯಲ್ಲಿ ಈರಣ್ಣ ಇರಲಿಲ್ಲ. ಹೆಂಡತಿಯ ಅಣ್ಣ ಇದ್ದ. ಅವನು ನಾಲ್ಕು ಪ್ರಶ್ನೆ ಕೇಳಿದ, ಹೋದವನು ನಾಲ್ಕನೆಯದಕ್ಕೆ ತೊದಲಿದ. ಹದಿನೈದು ದಿನದಲ್ಲಿ ಈರಣ್ಣನ ನೌಕರಿ ಹೋಯಿತು, ಮನೆ ಹೋಯಿತು, ಅವನೂ ಊರು ಬಿಟ್ಟು ಹೋದ. ಎಲ್ಲಿಗೆ ಹೋದನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕಾನೂನೂ ಆಗ ಇಂಥವರ ಕೈ ಹಿಡಿಯುವಂಥದ್ದಾಗಿರಲಿಲ್ಲ.

ಅದರ ಮುಂದಿನ ರವಿವಾರ ಬಂಡೆಪ್ಪ ಎದ್ದು ನಿಂತು ಕಟ್ಟಪ್ಪಣೆ ಮಾಡಿದ. ಇನ್ನು ಮೇಲೆ ಯಾರೂ ತಮ್ಮ ನಿಜವಾದ ಹೆಸರು ಹೇಳಕೂಡದು. ಯಾರೂ ಯಾರ ಮನೆಯನ್ನೂ ಕೇಳಕೂಡದು. ‘ಮತ್ತ ಈ ಬಾಗಲಾ ದಾಟಿದ ಮ್ಯಾಲೆ ನಾವು ಒಬ್ಬರಿಗೊಬ್ಬರು ಯಾರೋ ಏನೋ. ಹಾದ್ಯಾಗ ಸಿಕ್ಕರ ಮಾರಿ ಹೊಳ್ಳಿಸಿ ಹೋಗೂದು. ಇದನ್ನ ಮುರದವರು ಮತ್ತ ಮೆಟ್ಟಲಾ ಹತ್ತಬ್ಯಾಡ್ರಿ.’ ಆ ದಿನ ಬಂಡೆಪ್ಪ ತನಗೆ ಅಮರ ಎಂದು ಹೆಸರಿಟ್ಟುಕೊಂಡ.

ಇನ್ನೊಂದು ಪದ್ಧತಿ ಮಾತ್ರ ಯಾರೂ ಮಾಡಿದ್ದಲ್ಲ, ತಾನಾಗಿ ಬೆಳೆಯಿತು. ಬರುತ್ತಿದ್ದವನು ಮೂರು ರವಿವಾರ ಸತತವಾಗಿ ಬಾರದಿದ್ದರೆ ಅವನಿಗೆ ಲಗ್ನವಾಯಿತೆಂದೇ ಲೆಕ್ಕ. ನೂರಕ್ಕೆ ತೊಂಬತ್ತು ಸಲ ಅದು ನಿಜವೂ ಆಗಿರುತ್ತಿತ್ತು. ಆಗ ಅವನ ಖಾಲಿ ಕುರ್ಚಿಯನ್ನು ನಡುವೆ ಇಟ್ಟು, ಕಾಕಾ ಮಂಗಳಾಷ್ಟಕವನ್ನು ಬೇಕೆಂದೇ ಅಪಸ್ವರದಲ್ಲಿ ಹಾಡಿ ‘ಸಾವಧಾನ’ ಎನ್ನುತ್ತಿದ್ದ, ಉಳಿದವರು ಅಕ್ಷತೆ ತೂರುತ್ತಿದ್ದರು. ಹೊಟ್ಟೆ ಹಿಡಿದು ನಗುತ್ತಿದ್ದರು. ಎಷ್ಟು ನಕ್ಕರೂ ಆ ದಿನ ಎಲ್ಲರೂ ಬೇಗ ಮನೆಗೆ ಹೋಗುತ್ತಿದ್ದರು, ಏಕೆಂದರೆ ಮುಂದಿನ ಕುರ್ಚಿ ಯಾರದೆಂದು ಎಲ್ಲರಿಗೂ ಒಳಗೊಳಗೇ ಭಯವಿತ್ತು.

ತೊಂಬತ್ತೆಂಟರಲ್ಲಿ ಅಜಿಂಕ್ಯ ಬಂದ. ಅದು ಅವನು ಅಟ್ಟದಲ್ಲಿ ಇಟ್ಟುಕೊಂಡ ಹೆಸರು. ಖಾನಾಪುರದ ಕಡೆಯವನು, ಹಂಚಿನ ಕಾರ್ಖಾನೆಯೊಂದರಲ್ಲಿ ಕಾರಕೂನ, ಇಷ್ಟು ಮಾತ್ರ ಅವನ ಮಾತಿನಿಂದ ತಿಳಿದಿತ್ತು. ಇಪ್ಪತ್ತೆಂಟು ಇಪ್ಪತ್ತೊಂಬತ್ತರ ತೆಳ್ಳನೆಯ ಆಳು, ಸದಾ ಇಸ್ತ್ರಿ ಮಾಡಿದ ಅಂಗಿ. ಬಂದ ಎರಡನೇ ತಿಂಗಳಿಗೇ ಒಂದು ಆಲ್ಬಂ ತಂದು, ‘ಟಿಕೀಟ ಕೂಡಸ್ತೇವಿ ಅಂತ ಬೋರ್ಡ ಹಾಕೇರಿ, ಒಂದಾರ ಟಿಕೀಟ ಇರಬ್ಯಾಡೇನ್ರಿ?’ ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಖರೇನೇ ಕೂಡಿಸತೊಡಗಿದ. ಕಾರ್ಖಾನೆಗೆ ಬಂದ ಲಕೋಟೆಗಳನ್ನು ನೀರಲ್ಲಿ ನೆನೆಸಿ, ಚೀಟಿ ಬಿಡಿಸಿ, ಒಣಗಿಸಿ ತರುತ್ತಿದ್ದ. ಒಂದು ಸಲ ಪೊಲೀಸಿನವನೊಬ್ಬ ಯಾವುದೋ ನೆಪದಿಂದ ಮೇಲೆ ಹತ್ತಿ ಬಂದಾಗ ಅರ್ಧ ತಾಸು ಅವನಿಗೆ ಅಂಚೆಚೀಟಿ ತೋರಿಸಿ, ತಲೆ ಚಿಟ್ಟು ಹಿಡಿಸಿ ಕಳಿಸಿದವನು ಅಜಿಂಕ್ಯನೇ.

ಬಂಡೆಪ್ಪನಿಗೆ ಅವನ ಮೇಲೆ ಜೀವ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಅವನನ್ನು ಪ್ರೀತಿಸಿದ. ಆದರೆ ಮುಂದಾಳು ಎನಿಸಿಕೊಂಡವನು ಒಬ್ಬನ ಕಡೆ ವಾಲಬಾರದೆಂದು ಬಾಯಿ ಬಿಡಲಿಲ್ಲ. ಕೊಟ್ಟದ್ದು ಅಂಚೆಚೀಟಿ ಮಾತ್ರ. ಫೌಂಡ್ರಿಗೆ ಜರ್ಮನಿಯಿಂದಲೋ ಜಪಾನಿನಿಂದಲೋ ಯಂತ್ರದವರ ಲಕೋಟೆ ಬಂದರೆ ಗುಮಾಸ್ತನನ್ನು ಕಾಡಿ ಬೇಡಿ ತಂದು, ‘ತಗೋ, ಕಸದ ಬುಟ್ಟ್ಯಾಗ ಬಿದ್ದಿತ್ತು’ ಎಂದು ಅಜಿಂಕ್ಯನ ಮುಂದೆ ಎಸೆಯುತ್ತಿದ್ದ. ಅಜಿಂಕ್ಯ ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ.

ಎರಡು ಸಾವಿರದ ಒಂದರ ಮಳೆಗಾಲ ಮುಗಿಯುವ ಹೊತ್ತಿಗೆ ಅಜಿಂಕ್ಯ ಒಂದು ಮಾತು ತೆಗೆದ. ‘ಒಂದು ರವಿವಾರ ಎಲ್ಲಾರೂ ನಮ್ಮ ಮನಿಗೆ ಬರ್ರಿ. ಖಾನಾಪುರ ಏನ ದೂರ ಐತಿ? ನಮ್ಮವ್ವ ರೊಟ್ಟಿ ಬಡೀತಾಳ, ಹೊಳಿ ದಂಡಿಗೆ ಕುಂತು ಉಣ್ಣೂಣು. ಟಿಕೀಟಿನ ಮಂದಿ ಅಂತ ಆಕಿಗೆ ಹೇಳೇನಿ. ಯಾವಾಗ ಕರಕೊಂಡ ಬರ್ತಿ ಅಂತ ದಿನಾ ಕೇಳತಾಳ.’

ಅಟ್ಟದಲ್ಲಿದ್ದವರ ಮುಖ ಅರಳಿತು. ಬಂಡೆಪ್ಪ ಮಾತ್ರ ಸಿಡಿದ. ‘ಈರಣ್ಣನ ಮನಿಗೂ ಒಬ್ಬಾವ ಹಿಂಗ ಪ್ರೀತೀಲೆನ ಹೋಗಿದ್ದ. ಇನ್ನೊಮ್ಮೆ ಮನಿ ಸುದ್ದಿ ತಗದಿ ಅಂದ್ರ ನೀ ಈ ಕಡೆ ಹಾಯಬ್ಯಾಡ.’

‘ತಪ್ಪಾತು’ ಎಂದ ಅಜಿಂಕ್ಯ. ಮತ್ತೆ ಆಲ್ಬಂ ತೆರೆದು ಕೂತ. ಕಾಕಾ ಆಮೇಲೆ ಬಂಡೆಪ್ಪನನ್ನು ಪಕ್ಕಕ್ಕೆ ಕರೆದು, ‘ಅಷ್ಟ ಖಾರ ಆಗಿ ಮಾತಾಡಬಾರದಿತ್ತೋ ಅಮರಾ. ಹುಡುಗ ಒಳ್ಳೇಂವ ಇದ್ದಾನ’ ಎಂದ. ಒಳ್ಳೆಯವನೆಂದು ಬಂಡೆಪ್ಪನಿಗೂ ಗೊತ್ತಿತ್ತು. ಮುಂದಿನ ತಿಂಗಳು ಸಮಾಧಾನ ಮಾಡಿದರಾಯಿತು ಎಂದುಕೊಂಡ.

ಮುಂದಿನ ತಿಂಗಳು ಅಜಿಂಕ್ಯ ಬಂದ, ಆದರೆ ಬೇಗ ಎದ್ದು ಹೋದ. ನವೆಂಬರಿನಲ್ಲಿ ಬರಲಿಲ್ಲ. ಡಿಸೆಂಬರಿನಲ್ಲೂ ಇಲ್ಲ. ಬೈದದ್ದಕ್ಕೆ ಮುನಿಸಿಕೊಂಡಿದ್ದಾನೆ ಎಂದು ಬಂಡೆಪ್ಪ ತನಗೆ ತಾನೇ ಹೇಳಿಕೊಂಡ. ಅಂಗಡಿಗಳಲ್ಲಿ ಅಂಚೆಚೀಟಿಯ ಪೊಟ್ಟಣ ಕಂಡರೆ ಕೊಂಡಿಟ್ಟ. ಅವನ ವಿಳಾಸ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಹಾಗೆ ಆಗಬೇಕೆಂದೇ ತಾನು ಕಟ್ಟಳೆ ಮಾಡಿದ್ದ. ಜನವರಿಯ ಎರಡನೇ ರವಿವಾರವೂ ಕುರ್ಚಿ ಖಾಲಿ. ಮೂರಾಯಿತು. ಕಾಕಾ ಅಕ್ಕಿಯ ಡಬ್ಬಿಯ ಕಡೆ ನೋಡಿದ. ‘ಇನ್ನೊಂದು ತಿಂಗಳ ನೋಡೂಣು’ ಎಂದ ಬಂಡೆಪ್ಪ. ಬೇರೆ ಯಾರಿಗೂ ಅವನು ಹೀಗೆ ವಾಯಿದೆ ಕೊಟ್ಟಿರಲಿಲ್ಲ.

ಆ ತಿಂಗಳ ಕೊನೆಗೆ ಒಂದು ಮಂಗಳವಾರ ಬಂಡೆಪ್ಪ ಪ್ಯಾಟರ್ನಿನ ಮೂಲೆ ತುಂಬಲು ಮೇಣ ಕೊಳ್ಳಲೆಂದು ರವಿವಾರ ಪೇಟೆಗೆ ಬಂದಿದ್ದ. ಮಟಮಟ ಮಧ್ಯಾಹ್ನ. ಹಮಾಲರು, ಕೈಗಾಡಿ, ಲಾರಿ, ಕಾಲಿಡಲು ಜಾಗವಿಲ್ಲ. ಎಂಟು ಹತ್ತು ಮಾರು ದೂರದಲ್ಲಿ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಅಜಿಂಕ್ಯ ಕೂತಿದ್ದ. ಒಬ್ಬ ಹೆಣ್ಣುಮಗಳು ಈ ಕಡೆ ಬೆನ್ನು ಮಾಡಿ ಅಂಗಡಿಯವನೊಂದಿಗೆ ಚೌಕಾಸಿ ಮಾಡುತ್ತಿದ್ದಳು. ಅವಳ ಕಾಲ ಬಳಿ ಅರಿಷಿಣದ ದೊಡ್ಡ ಪೊಟ್ಟಣ, ಒಂದು ಚೀಲದ ತುಂಬ ಒಣಕೊಬ್ಬರಿ ಗಿಟುಕು.

ಬಂಡೆಪ್ಪನ ಕಣ್ಣು ಒಂದೇ ನೋಟಕ್ಕೆ ಎಲ್ಲವನ್ನೂ ಅಳೆಯಿತು. ಅರಿಷಿಣ, ಕೊಬ್ಬರಿ: ಲಗ್ನದ ಬಜಾರು. ಅಜಿಂಕ್ಯನ ಒಣಗಲು ಮುಖ ದುಂಡಗೆ ತುಂಬಿಕೊಂಡಿತ್ತು. ಲಗ್ನಕ್ಕೆ ಮುಂಚೆ ನೆಂಟರೆಲ್ಲ ಮದುಮಗನನ್ನು ಕರೆದು ಕರೆದು ಊಟ ಹಾಕುತ್ತಾರಲ್ಲ, ಆ ಕೇಳವಣದ ಊಟ ಉಂಡು ಉಂಡು ಬಂದ ಮೈ. ಎಲ್ಲ ತಾಳೆಯಾಯಿತು.

ಅಜಿಂಕ್ಯ ಇವನನ್ನು ಕಂಡ. ಕಟ್ಟೆಗೆ ಕೈಯೂರಿ ಏಳಲು ನೋಡಿದ, ಏಳಲಿಲ್ಲ. ಬಲಗೈ ಎತ್ತಿದ. ನಡು ಬಜಾರಿನಲ್ಲಿ, ಕಟ್ಟಳೆ ಮುರಿದು, ಎಲ್ಲರಿಗೂ ಕಾಣುವ ಹಾಗೆ ಎತ್ತಿದ.

ಬಂಡೆಪ್ಪ ಆ ಕೈಯನ್ನು ನೋಡಿದ. ಆ ಕಣ್ಣುಗಳನ್ನೂ ನೋಡಿದ. ಲಗ್ನದ ಬಜಾರಿಗೆ ಬಂದು, ಹೆಣ್ಣುಮಗಳನ್ನು ಪಕ್ಕದಲ್ಲಿ ಇಟ್ಟುಕೊಂಡು, ನನಗೆ ಕೈ ಎತ್ತುತ್ತಾನೆ! ಮುಖ ಹೊರಳಿಸಿದ. ಮೇಣವನ್ನೂ ಕೊಳ್ಳದೆ, ಹಿಂದೆ ತಿರುಗಿ ನೋಡದೆ, ಉದ್ಯಮಬಾಗದ ಬಸ್ಸು ಹತ್ತಿ ಹೋದ. ಕಟ್ಟಳೆ ಪಾಲಿಸಿದೆ ಎಂದು ಅವನು ಆಮೇಲೆ ಎಷ್ಟೇ ಹೇಳಿಕೊಂಡರೂ ಅದು ಸುಳ್ಳು. ಅವನು ಮುಖ ತಿರುಗಿಸಿದ್ದು ಹೊಟ್ಟೆಕಿಚ್ಚಿಗೆ.

ಫೆಬ್ರವರಿಯ ಎರಡನೇ ರವಿವಾರ ಅಕ್ಕಿಯ ಡಬ್ಬಿಯನ್ನು ಬಂಡೆಪ್ಪನೇ ಇಳಿಸಿದ. ‘ನಾನ ಕಣ್ಣಾರೆ ನೋಡೇನಿ. ಅರಿಷಿಣ ಕೊಬ್ಬರಿ ಕೊಳ್ಳಾಕ ಬಂದಿದ್ದ ಮದುಮಗಾ. ಮಾರಿ ನೋಡಬೇಕಿತ್ತು ಅವಂದು, ಉಂಡು ಗುಂಡಗಾಗ್ಯಾನ’ ಎಂದ. ಅಜಿಂಕ್ಯನ ಕುರ್ಚಿ ನಡುವೆ ಬಂತು. ಕಾಕಾ ಅಪಸ್ವರ ತೆಗೆದ. ‘ಸಾವಧಾನ’ ಎಂದಾಗ ಉಳಿದವರು ಅಕ್ಷತೆ ತೂರಿದರು, ಬಂಡೆಪ್ಪ ಎಸೆದ. ಕುರ್ಚಿಯ ಕಟ್ಟಿಗೆಗೆ ಅಕ್ಕಿ ಬಡಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.

ಏಪ್ರಿಲಿನಲ್ಲಿ ಅಟ್ಟ ಹತ್ತಿದಾಗ ಕಾಕಾ ಚಹಾ ಕುಡಿಯದೆ ಕೂತಿದ್ದ. ಮೇಜಿನ ಮೇಲೆ ಪತ್ರಿಕೆಯಿಂದ ಕತ್ತರಿಸಿದ ಬೆರಳುದ್ದದ ತುಂಡು. ಇಸ್ತ್ರಿ ಅಂಗಿಯ ಒಂದು ಫೋಟೊ, ಕೆಳಗೆ ‘ಯಲ್ಲೇಶ, ವಯಸ್ಸು 32, ಖಾನಾಪುರ. ದೀರ್ಘ ಅನಾರೋಗ್ಯದಿಂದ ನಿಧನ’ ಎಂದಿತ್ತು. ನಾಲ್ಕು ವರ್ಷ ಪ್ರೀತಿಸಿದವನ ಹೆಸರು ಬಂಡೆಪ್ಪನಿಗೆ ಗೊತ್ತಾದದ್ದು ಹೀಗೆ.

‘ಎರಡೂ ಕಿಡ್ನಿ ಹೋಗಿದ್ವಂತ. ನಮ್ಮ ಹಳೇ ಪೋಸ್ಟಮನ್ ಒಬ್ಬಾಂವ ಖಾನಾಪುರದಾಗ ಇದ್ದಾನ, ಅಂವ ಹೇಳಿದ’ ಎಂದ ಕಾಕಾ. ‘ಮೈಯೆಲ್ಲಾ ಬಾತಿತ್ತಂತ.’

ಒಬ್ಬ ಎದ್ದು ಅಕ್ಕಿಯ ಡಬ್ಬಿಯನ್ನು ಕಣ್ಣಿಗೆ ಬೀಳದ ಕಡೆ ಇಟ್ಟ. ಬಂಡೆಪ್ಪನ ತಲೆಯಲ್ಲಿ ಪೇಟೆಯ ಆ ಮಧ್ಯಾಹ್ನ ಒಂದೊಂದೇ ತುಂಡಾಗಿ ಮತ್ತೆ ಜೋಡಣೆಯಾಯಿತು. ದುಂಡಗಿನ ಮುಖ ನೀರು ತುಂಬಿದ ಮುಖ. ಏಳಲಾರದೆ ಕೂತ ಕಾಲು ಬಾತ ಕಾಲು. ಅರಿಷಿಣ ಮತ್ತು ಕೊಬ್ಬರಿ ದೇವರಿಗೆ ಹಾರಿಸುವ ಭಂಡಾರ. ಜೀವ ಉಳಿಸಪ್ಪಾ ಎಂದು ಬೀರದೇವರಿಗೆ ಹೊತ್ತ ಹರಕೆ. ಕುರಿ ಕಾಯುವವರ ಮನೆಯ ಮಗ, ಚಿಕ್ಕಂದಿನಿಂದ ಭಂಡಾರದಲ್ಲೇ ಮಿಂದವನು, ಅದನ್ನು ಕಂಡು ಲಗ್ನವೆಂದುಕೊಂಡಿದ್ದ. ಬೇರೆ ಯಾರಾದರೂ ತಪ್ಪು ತಿಳಿದಿದ್ದರೆ ಕ್ಷಮಿಸಬಹುದಿತ್ತು.

ಮುಂದಿನ ರವಿವಾರ ಅವನು ಒಬ್ಬನೇ ಖಾನಾಪುರದ ಬಸ್ಸು ಹತ್ತಿದ. ತಾನೇ ಮಾಡಿದ ಕಟ್ಟಳೆಯನ್ನು ಮೊದಲ ಸಲ ಮುರಿಯುತ್ತಿದ್ದ, ಸತ್ತವನ ಮನೆಗೆ ಹೋಗುವುದಕ್ಕಾಗಿ. ಮಗನ ಸ್ನೇಹಿತ ನಾನು, ಬರಬೇಕಾದಾಗ ಬರಲಿಲ್ಲ, ತಪ್ಪಾಯಿತು ಎಂದು ಆ ತಾಯಿಯ ಕಾಲು ಹಿಡಿಯಬೇಕು. ಬೇರೆ ಏನೂ ಉಳಿದಿರಲಿಲ್ಲ.

ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಮನೆ ಸುಲಭವಾಗಿ ಸಿಕ್ಕಿತು. ಯಲ್ಲೇಶನ ಅವ್ವ ಫಕೀರವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಕಟ್ಟೆಯ ಮೇಲೆ ಓಣಿಯ ಇಬ್ಬರು ಹಿರಿಯರು ಎಲೆ ಅಡಿಕೆ ಹಾಕುತ್ತಿದ್ದರು.

‘ಬೆಳಗಾವಿಯಿಂದ ಬಂದೇನ್ರಿ. ಯಲ್ಲೇಶನ ಮಂಡಳದಾಂವ.’

ಮುದುಕಿಯ ಕೈ ನಿಂತಿತು. ‘ಟಿಕೀಟಿನ ಮಂದ್ಯಾ? ಬರ್ರಿ ಯಪ್ಪಾ, ಕುಂದರ್ರಿ. ಈಗ ದಾರಿ ಸಿಕ್ತೇನು? ಹೆಸರೇನು ನಿಮ್ಮದು?’

ಕಟ್ಟೆಯ ಇಬ್ಬರೂ ತಲೆ ಎತ್ತಿ ನೋಡಿದರು. ‘ಅಮರ’ ಎಂದ ಬಂಡೆಪ್ಪ. ಯೋಚಿಸಿ ಹೇಳಿದ್ದಲ್ಲ, ಐದು ವರ್ಷದ ರೂಢಿ ಬಾಯಿಂದ ತಾನೇ ಹೊರಟಿತ್ತು. ತಿದ್ದಿ ಹೇಳುವಷ್ಟರಲ್ಲಿ ಮುದುಕಿ ನೀರು ತರಲು ಎದ್ದಿದ್ದಳು.

ಬರುವಾಗ ಆಲ್ಬಮನ್ನೂ ತಂದಳು. ಮೊದಲ ಪುಟ ತೆಗೆದಳು. ಅಲ್ಲಿ ಚೀಟಿ ಬಿಡಿಸದೆ, ಇಡೀ ಲಕೋಟೆಯನ್ನೇ ಅಂಟಿಸಿತ್ತು. ಫೌಂಡ್ರಿಯ ವಿಳಾಸ, ಪ್ಯಾಟರ್ನ್ ವಿಭಾಗ, ಮೇಲೆ ಬಂಡೆಪ್ಪನ ಹೆಸರು. ಮೊದಲ ವರ್ಷ ‘ಕಸದ ಬುಟ್ಟ್ಯಾಗ ಬಿದ್ದಿತ್ತು’ ಎಂದು ಅವನು ಎಸೆದದ್ದು.

‘ನನಗ ಓದಾಕ ಬರೂದಿಲ್ರಿ. ಇದು ಬಂಡೆಪ್ಪನ ಹೆಸರವ್ವಾ ಅಂತ ಬಟ್ಟ ಇಟ್ಟ ತೋರಸ್ತಿದ್ದ. ನಿಮಗ ಗುರ್ತ ಐತೇನ್ರಿ ಬಂಡೆಪ್ಪಂದು? ನಾಕ ವರ್ಷ ಬರೇ ಅವನ ಮಾತು. ಬಂಡೆಪ್ಪ ಹಂಗಂದ, ಬಂಡೆಪ್ಪ ಹಿಂಗಂದ.’

‘ಗುರ್ತ ಐತ್ರಿ’ ಎಂದ ಬಂಡೆಪ್ಪ.

‘ಹರಕಿ ಭಂಡಾರ ಕೊಳ್ಳಾಕ ಮಗಳು ಪ್ರಮಿಳಾ ಒಂದ ದಿನಾ ಅವನ್ನ ಬೆಳಗಾವಿ ಪ್ಯಾಟಿಗೆ ಕರಕೊಂಡ ಹೋಗಿದ್ಳು. ಆಕಿ ಈಗ ಗಂಡನ ಮನ್ಯಾಗ ಅದಾಳ. ಅಟ್ಟ ಹತ್ತಿ ಕಾಕಾನ್ನ ಕಂಡು ಎಲ್ಲಾರ ಸುದ್ದಿ ಕೇಳಿ ಬರ್ತೇನಿ ಅಂದಿದ್ನಂತ, ಕಾಲ ಮೇಲಕ್ಕ ಏಳಲಿಲ್ಲ. ಅಲ್ಲೇ ಬಂಡೆಪ್ಪ ಕಂಡ. ಕೈ ಮಾಡಿದ್ರೂ ನೋಡದನ ಹ್ವಾದ. ಮುಂದ ಬೆಳಗಾವಿ ದವಾಖಾನ್ಯಾಗ ನಾ ಅಂದೆ, ಅವಗ ಕರೆ ಕಳಸೂಣೇನಪಾ ಅಂತ. ಬ್ಯಾಡಂದ. ತ್ರಾಸ ಆಗತೈತಿ ಅವಗ, ಬರಬೇಕನಿಸಿದ್ರ ತಾನ ಬರತಾನ ಅಂದ. ಭಾರತ ಹುಣ್ಣಿಮಿ ಇನ್ನ ಎರಡ ವಾರ ಇತ್ತು, ಒಂದ ರವಿವಾರ ಇಸ್ತ್ರಿ ಅಂಗಿ ಹಾಕಿಸಿಕೊಂಡು ದಿಂಬಿಗೆ ಆನಿಸಿ ಕುಂದ್ರಸು ಅಂದ. ಇವತ್ತ ಅವರೆಲ್ಲಾ ಕೂಡೂ ದಿನ ಅವ್ವಾ, ಇಲ್ಲಿಂದ ಹತ್ತರನ ಐತಿ ಅಂದ. ಹೊತ್ತ ಮುಣಗೂ ತನಕಾ ಬಾಗಲಾನ ನೋಡಿದ.’

ಬಂಡೆಪ್ಪ ಮನಸ್ಸಿನಲ್ಲೇ ದಿನ ಎಣಿಸಿದ. ಅಕ್ಷತೆ ಎಸೆದ ರವಿವಾರ.

‘ನನಗ ಸಿಟ್ಟ ಬಂತ್ರಿ. ಎದುರಿಗೆ ಕುಂತ ಮನಶ್ಯಾನ್ನ ನೋಡದ ಹೋಗೂದಂದ್ರ ಎಂಥಾವ ಅವ ಅಂದೆ. ಹಂಗನಬ್ಯಾಡವ್ವಾ, ಅವನ ಕಣ್ಣು ಭಾಳ ಮಂದ ಅದಾವ, ದೂರಿಂದು ಕಾಣೂದಿಲ್ಲ ಅಂದ.’ ಫಕೀರವ್ವ ಮುಂದಕ್ಕೆ ಬಾಗಿ ಬಂಡೆಪ್ಪನ ಮುಖವನ್ನೇ ನೋಡಿದಳು. ‘ನೀವು ಗುರ್ತ ಇದ್ದಾವರು, ಖರೇ ಹೇಳ್ರಿ. ಅವನ ಕಣ್ಣು ಖರೇನ ಮಂದೇನು? ಇಲ್ಲಾ ನನ್ನ ಮಗಾ ನನ್ನ ಸಮಾಧಾನಕ್ಕ ಸುಳ್ಳ ಹೇಳಿ ಹ್ವಾದ್ನೋ?’

ನಾನೇ ಬಂಡೆಪ್ಪ ಎನ್ನಬೇಕೆಂದು ಬಾಯಿಗೆ ಬಂತು. ಹಾಗೆಂದರೆ ಯಲ್ಲೇಶ ಹೇಳಿದ ಕೊನೆಯ ಮಾತು ಸುಳ್ಳಾಗುತ್ತದೆ. ಎಂಥವನಿಗಾಗಿ ನನ್ನ ಮಗ ಬಾಗಿಲು ನೋಡುತ್ತ ಸತ್ತ ಎಂದು ಈ ತಾಯಿಗೆ ಗೊತ್ತಾಗುತ್ತದೆ. ಕೂತಲ್ಲಿಂದಲೇ ಅವನಿಗೆ ಮುದುಕಿಯ ಸೆರಗಿನ ಬಿಚ್ಚಿದ ಎಳೆ ಕಾಣುತ್ತಿತ್ತು, ಗೋಡೆಯ ಮೇಲಿನ ಫೋಟೊ ಎಡಕ್ಕೆ ಕೂದಲೆಳೆಯಷ್ಟು ವಾಲಿದ್ದು ಕಾಣುತ್ತಿತ್ತು.

‘ಹೌದವ್ವಾ’ ಎಂದ. ‘ಅವನ ಕಣ್ಣು ಮಂದ ಅದಾವ. ಬಾಜೂಕ ನಿಂತವರೂ ಕಾಣೂದಿಲ್ಲ ಅವಗ.’

ಫಕೀರವ್ವ ಉಸಿರು ಬಿಟ್ಟಳು. ಅವಳ ಮುಖ ಹಗುರವಾಯಿತು. ಆಲ್ಬಮನ್ನು ಮುಚ್ಚಿ ಅರಿವೆಯಲ್ಲಿ ಸುತ್ತಿದಳು. ಬಂಡೆಪ್ಪನ ಕೈ ತಾನಾಗಿ ಮುಂದೆ ಹೋಯಿತು.

‘ಸಿಟ್ಟಾಗಬ್ಯಾಡ್ರಿ ಯಪ್ಪಾ, ಇದನ್ನ ನಿಮ್ಮ ಕೈಯಾಗ ಕೊಡೂದಿಲ್ಲ’ ಎಂದಳು ಮುದುಕಿ, ಗಂಟನ್ನು ಎದೆಗೆ ಒತ್ತಿಕೊಂಡು. ‘ಬಂಡೆಪ್ಪನ ಕೈಯಾಗನ ಕೊಡಬೇಕು ಅಂತ ಹೇಳಿ ಹೋಗ್ಯಾನ. ಕಣ್ಣಿಗೆ ಒಂದ ಚಾಳೀಸ ಹಾಕ್ಕೊಂಡು ಬಾ ಅನ್ರಿ ಅವಗ. ನಾ ಇರೂ ತನಕಾ ಇಟಗೊಂಡಿರತೇನಿ.’

‘ಹೇಳತೇನವ್ವಾ’ ಎಂದು ಬಂಡೆಪ್ಪ ಎದ್ದ.